ಜೋರ್ಡಾನಿನ ಸುದ್ದಿ ಕೇಳಿದವನು

ಗಜೇಂದ್ರಗಡದ ಚಾವಡಿಯಲ್ಲಿ ರೇಡಿಯೋ ಚೂರುಚೂರಾಗಿ ಬಿದ್ದಿತ್ತು. ಅದರ ಪಕ್ಕದಲ್ಲಿ, ದಿನಾ ಅದನ್ನು ಹಚ್ಚುತ್ತಿದ್ದ ಗವಿಸಿದ್ದಪ್ಪ ತಲೆ ಒಡೆದು ಬಿದ್ದಿದ್ದ.

ಮೊಹರಮ್ಮಿನ ಚಂದ್ರ ನೋಡಲು ಊರಿಗೆ ಊರೇ ಬಯಲಿಗೆ ಹೋಗಿದ್ದ ಸಂಜೆ ಅದು. ಹಬ್ಬದ ಬೆಂಕಿ ಹಾಕುವ ಅಲಾಯಿ ಕುಣಿ ತೋಡುವ ಗುದ್ದಲಿ ಚಾವಡಿಯಲ್ಲಿರುತ್ತಿತ್ತು. ಅದನ್ನು ತರಲು ಬಂದ ನೇಕಾರ ಯಮನೂರಸಾಬನೇ ಮೊದಲು ನೋಡಿದವನು. ಬಾಯಿ ಬಾಯಿ ಬಡಿದುಕೊಂಡ. ಜನ ಓಡಿ ಬಂದರು. ಅವರಿಗೆ ಕಂಡದ್ದು ಅವನ ಕಾಲ ಬಳಿಯ ಗುದ್ದಲಿ, ಅಂಗಿಯ ಮೇಲಿನ ರಕ್ತ. ಅಷ್ಟೇ ಸಾಕಾಯಿತು. ಗವಿಸಿದ್ದಪ್ಪನನ್ನು ದವಾಖಾನೆಗೆ ಒಯ್ದರು, ಯಮನೂರಸಾಬನನ್ನು ಬೇವಿನ ಮರಕ್ಕೆ ಕಟ್ಟಿದರು.

* * *

ಮುಂಜಾನೆ ಪೊಲೀಸ್ ಫೌಜದಾರ ಅರ್ಜುನಪ್ಪ ರೋಣದಿಂದ ಬಂದಿಳಿದಾಗಲೂ ಅವನು ಮರಕ್ಕೇ ಇದ್ದ. ಬರಿದಲೆ. ತುಟಿ ಒಡೆದಿತ್ತು.

"ಬಿಚ್ಚ್ರಿ ಇವನ್ನ."

ಯಾರೂ ಮುಂದೆ ಬರಲಿಲ್ಲ. ಅರ್ಜುನಪ್ಪ ತಾನೇ ಹಗ್ಗ ಬಿಚ್ಚಿದ. ಗವಿಸಿದ್ದಪ್ಪನ ಹೆಂಡತಿ ಫಕೀರವ್ವ ಎಲ್ಲಿದ್ದಳೋ, ನುಗ್ಗಿ ಬಂದು ಯಮನೂರಸಾಬನ ಕೆನ್ನೆಗೆ ಬಾರಿಸಿದಳು.

"ನನ್ನ ಗಂಡ ಸತ್ರ ನಿನ್ನ ಬಿಡೂದಿಲ್ಲ!"

"ಯಾಕ ಹೊಡದಾನಂತ ಇಂವ?" ಫೌಜದಾರ ಕೇಳಿದ.

ಉತ್ತರ ಅಂದಾನಪ್ಪಗೌಡನಿಂದ ಬಂತು. ಊರಿನ ದೊಡ್ಡ ಹೊಲದವನು, ಅದಕ್ಕೂ ದೊಡ್ಡ ಮೀಸೆಯವನು. "ಜೋರ್ಡಾನ್ ಸಂಬಂಧ ಹೊಡದಾನ್ರಿ, ಸಾಹೇಬ್ರ."

ಗಜೇಂದ್ರಗಡಕ್ಕೂ ಜೋರ್ಡಾನಿಗೂ ಎಲ್ಲಿಯ ನಂಟು ಎಂದು ಕೇಳಬೇಡಿ. ಚಾವಡಿಗೆ ರೇಡಿಯೋ ಬಂದಂದಿನಿಂದ ಜಗತ್ತಿನ ಜಗಳವೆಲ್ಲ ಊರಿನದೇ ಆಗಿತ್ತು. ಆ ವಾರ ಇರಾಕಿನಲ್ಲಿ ದೊರೆಯನ್ನೇ ಕೊಂದಿದ್ದರು. ಪಕ್ಕದ ಪುಟ್ಟ ಜೋರ್ಡಾನಿನ ದೊರೆ ನಡುಗುತ್ತಿದ್ದ. ಒಂದು ಕಡೆ ಈಜಿಪ್ಟಿನವರ ಬೈಗುಳ, ಇನ್ನೊಂದು ಕಡೆ ಇಸ್ರೇಲ್. ಅವನು ಇಂಗ್ಲಿಷರ ದಂಡು ಕರೆಸುತ್ತಾನೋ ಇಲ್ಲವೋ? ಚಾವಡಿಯಲ್ಲಿ ಅದೇ ವಾದ, ಅದೇ ಕಾದಾಟ.

"ನಿನ್ನೆ ಮೊನ್ನೆ ಹೊರಗ ಹಾಕಿದವರ್ನ ಮತ್ತ ಕರೀತಾನ? ಗಂಡಸಲ್ಲೇನ ಅಂವ? ಕರದ್ರ ಇದ ಕಟ್ಟಿ ಮ್ಯಾಲ ಕುಂತು ಮೀಸಿ ಬೋಳಿಸ್ಕೋತೀನಿ ಅಂದಿದ್ದೆ ನಾ," ಎಂದ ಗೌಡ. "ಇಂವ ಏನಂದ ಕೇಳ್ರಿ."

"ಸಣ್ಣ ರಾಜ್ಯಾರಿ, ನಾಕೂ ಕಡೆ ಬೆಂಕಿ ಹತ್ತೇತಿ, ಕರದ ಕರೀತಾನ ಅಂದೆ," ಎಂದ ಯಮನೂರಸಾಬ. "ಕರೀಲಿಲ್ಲಂದ್ರ ಚಾವಡಿ ಮೆಟ್ಟಲಾ ತುಳಿಯೂದಿಲ್ಲ ಅಂದಿದ್ದೆ."

"ಸೋತಿರಬೇಕು. ಸಿಟ್ಟಿಗೆ ರೇಡಿಯೋ ಒಡದ, ಗವಿಸಿದ್ದಪ್ಪ ಅಡ್ಡ ಬಂದ," ಎಂದ ಗೌಡ. "ಅರಬರ ಸುದ್ದಿ ಕೇಳಿ ಕೇಳಿ ತಲಿ ಕೆಟ್ಟೈತಿ ಇವಂಗ."

ಜನ ಹೌದೌದೆಂದರು.

"ನೀವೆಲ್ಲಿದ್ರಿ, ಗೌಡ್ರ?"

"ಹೊಲದಾಗ. ಸುದ್ದೀನ ಕೇಳಿಲ್ಲ ನಾ. ಪೇಪರಿನ ದಾರಿ ಕಾಯಾಕತ್ತೇನಿ."

ಹುಬ್ಬಳ್ಳಿಯ ಪೇಪರು ಬರುವುದು ಮಧ್ಯಾಹ್ನದ ಬಸ್ಸಿಗೆ.

* * *

ದವಾಖಾನೆಯಲ್ಲಿ ಗವಿಸಿದ್ದಪ್ಪನಿಗೆ ಇನ್ನೂ ಎಚ್ಚರವಿರಲಿಲ್ಲ. ಡಾಕ್ಟರು ರಕ್ತದಲ್ಲಿ ತೊಯ್ದ ಬಟ್ಟೆಯೊಂದನ್ನು ತೋರಿಸಿದರು. ತಲೆಗೆ ಸುತ್ತುವ, ಹಸಿರು ಅಂಚಿನ ರುಮಾಲು.

"ಯಾರೋ ಪುಣ್ಯಾತ್ಮ ತಲಿಗೆ ಬಿಗಿಯಾಗಿ ಕಟ್ಟಿದ್ದಕ್ಕ ಉಳಕೊಂಡಾನ್ರಿ. ಇಲ್ಲಂದ್ರ ಅಲ್ಲೇ ಮುಗದಿತ್ತು."

ಅರ್ಜುನಪ್ಪನಿಗೆ ಆ ಬರಿದಲೆ ನೆನಪಾಯಿತು. ತಲೆ ಒಡೆದವನು ತನ್ನ ರುಮಾಲು ಬಿಚ್ಚಿ ಕಟ್ಟುತ್ತಾನೆಯೇ? ಆದರೆ ಈ ಜನಕ್ಕೆ ಅದು ಸಾಲದು. ಕೊಲ್ಲಲು ಹೋಗಿ ಹೆದರಿ ಕಟ್ಟಿದ ಎಂದಾರು. ಪೇಪರು ಬರುವುದರೊಳಗೆ ಕೆಲಸ ಮುಗಿಯಬೇಕಿತ್ತು. ಆಮೇಲೆ ಎಲ್ಲರೂ ಸುದ್ದಿ ಬಲ್ಲವರೇ.

* * *

ಚಾವಡಿಗೆ ಮರಳಿ ಬಂದವನೇ ಗೌಡನ ಬೆನ್ನು ತಟ್ಟಿದ.

"ಗೌಡ್ರ, ನೀವ ಗೆದ್ದ್ರಿ. ರೋಣದಾಗ ರೇಡಿಯೋ ಕೇಳಿದೆ. ಜೋರ್ಡಾನ್ ದೊರಿ ಇಂಗ್ಲಿಷರ ದಂಡು ಬ್ಯಾಡ ಅಂದಾನ."

ಗೌಡನ ಮುಖ ಅರಳಿತು. ಕೈ ತಾನಾಗಿ ಮೀಸೆಗೆ ಹೋಯಿತು.

"ಖರೇ ಏನ್ರಿ? ಬಂದ ದಂಡನ್ನ ತಿರಿಗಿ ಕಳಿಸಿದ್ನೇನ್ರಿ?"

"ಯಾವ ದಂಡು, ಗೌಡ್ರ?"

ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು.

"ನಾ ಬ್ಯಾಡ ಅಂದಾನ ಅಂದೆ. ಬಂದಿತ್ತು ಅನ್ನಲಿಲ್ಲ. ಹೊಲದಾಗಿದ್ದವರಿಗೆ ದಂಡು ಬಂದಿದ್ದು ಹ್ಯಾಂಗ ಗೊತ್ತಾತು? ಪೇಪರ್ ಬಂದಿಲ್ಲ. ಊರಿಗೊಂದ ರೇಡಿಯೋ." ಅರ್ಜುನಪ್ಪ ಜನರ ಕಡೆ ತಿರುಗಿದ. "ನಾ ಹೇಳಿದ್ದು ಸುಳ್ಳು. ರೋಣದ ರೇಡಿಯೋದಾಗ ಖರೇ ಕೇಳಿದ್ದು ಬ್ಯಾರೆ, ಇಂಗ್ಲಿಷರ ದಂಡು ವಿಮಾನದಾಗ ಬಂದು ಇಳದೈತಿ. ಗೆದ್ದಾಂವ ಯಮನೂರಸಾಬ. ಗೆದ್ದಾಂವ ರೇಡಿಯೋ ಯಾಕ ಒಡೀತಾನ? ಆ ಸುದ್ದಿ ಈ ಊರಾಗ ಕೇಳಿದವರು ಇಬ್ರ. ಒಬ್ಬಾಂವ ದವಾಖಾನ್ಯಾಗ ಬಿದ್ದಾನ. ಇನ್ನೊಬ್ರು ಇಲ್ಲೇ ಅದಾರ."

ಗೌಡ ಕಟ್ಟೆಯ ಮೇಲೆ ಕುಸಿದ. "ನಕ್ಕನ್ರಿ ಗವಿಸಿದ್ದಪ್ಪ," ಎಂದ. "'ಗೌಡ್ರ, ಮೀಸಿಗೆ ಕತ್ತಿ ತರಸ್ಲೇನ್ರಿ' ಅಂತ ನಕ್ಕ. ಗುದ್ದಲಿ ಕೈಗೆ ಸಿಕ್ತು. ಮೊದಲ ಅಂವಗ ಹೊಡದೆ, ಆಮ್ಯಾಲ ರೇಡಿಯೋಕ್ಕ."

"ಮತ್ತ ಇವನ ಮ್ಯಾಲ ಯಾಕ ಹೊರಿಸಿದ್ರಿ?"

ಗೌಡ ಅಂಗೈಯಿಂದ ಮೀಸೆ ಮುಚ್ಚಿಕೊಂಡ. ಕಟ್ಟಿದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ಅರ್ಜುನಪ್ಪ ಆ ರುಮಾಲನ್ನು ಫಕೀರವ್ವನ ಕೈಗಿತ್ತ. ಯಾರದೆಂದು ಹೇಳಿದ. ಅವಳು ಅದನ್ನೂ, ಯಮನೂರಸಾಬನ ಬರಿದಲೆಯನ್ನೂ ನೋಡಿದಳು.

"ಯಣ್ಣಾ, ಕಟ್ಟಿದಾಂವ ನಾನ ಅಂತ ಒಂದ ಮಾತು ಹೇಳಬಾರದಿತ್ತೇನೋ?"

"ಹೇಳಿದ್ನೆವ್ವಾ," ಎಂದ ಯಮನೂರಸಾಬ. "ರಾತ್ರಿ ಪೂರಾ ಹೇಳಿದೆ."