ದುಕಾನ ಬಢಾಯಿಸ್ರಿ

ಮಂಗಳವಾರ ಬೆಳಿಗ್ಗೆ ಏಳು ಗಂಟೆ. ಕಪನೂರಿನ ತಮ್ಮ ಗೋದಾಮಿಗೆ ಬಂದ ಶೀಲಾ ಗೇಟಿನ ಹೊರಗೇ ನಿಂತುಬಿಟ್ಟರು. ಅಲ್ಲಿ ನಾಲ್ಕು ಟೆಂಪೋ ಸಾಲಾಗಿ ನಿಂತಿದ್ದವು. ನಾಲ್ಕರ ತುಂಬ ಕಮಲಾಪುರದ ಕೆಂಪು ಬಾಳೆಗೊನೆ. ದಿನಕ್ಕೆ ಬರುತ್ತಿದ್ದದ್ದು ಅರ್ಧ ಟೆಂಪೋ.

ಒಂದು ಕಾಯಿ ಒತ್ತಿ ನೋಡಿದರು. ಕಲ್ಲಿನಂತಿತ್ತು. ಬಲಿಯಲು ಇನ್ನೂ ಒಂದು ತಿಂಗಳು ಬೇಕಿತ್ತು.

“ಇವನ್ನ ಯಾರು ಕಡೀರಿ ಅಂದ್ರು?”

“ನೀವೇ ಅಂದೀರಲ್ರಿ ಅಕ್ಕಾರ,” ಎಂದ ಚಾಲಕ, ಮೊಬೈಲ್ ಮುಂದೆ ಹಿಡಿದು.

ತೋಟದ ಮಾಲೀಕ ಕಲ್ಯಾಣಪ್ಪನಿಗೆ ಹೋಗಿದ್ದ ಸಂದೇಶ ಅದು. ‘ವ್ಯಾಪಾರ ಹೆಚ್ಚಿಸುತ್ತಿದ್ದೇವೆ. ತೋಟದ ಎಲ್ಲ ಗೊನೆಗಳನ್ನೂ ಇಂದೇ ಕಡಿಸಿ ಕಳುಹಿಸಿ.’ ಕೆಳಗೆ ಶೀಲಾ ಅವರ ಸಂಸ್ಥೆಯ ಹೆಸರಿತ್ತು.

ಅಷ್ಟರಲ್ಲಿ ಶೀಲಾ ಅವರ ಫೋನ್ ಬಡಿದುಕೊಳ್ಳತೊಡಗಿತು. ವಾರ ವಾರ ಮನೆಗೆ ಹಣ್ಣು ತರಿಸಿಕೊಳ್ಳುವ ಸಾವಿರದ ನೂರು ಗಿರಾಕಿಗಳಿಗೂ ಸಂದೇಶ ಹೋಗಿತ್ತು: ನಿಮ್ಮ ಆರ್ಡರ್ ಇಂದಿನಿಂದ ಎರಡು ಪಟ್ಟು. ಕೇಳದೆ ಎರಡು ಪಟ್ಟು ಮಾಡಿದರೆ ಯಾರು ಸುಮ್ಮನಿರುತ್ತಾರೆ? ಒಂಬತ್ತು ಗಂಟೆಯೊಳಗೆ ಅರ್ಧ ಜನ ಹಣ್ಣೇ ಬೇಡ ಎಂದಿದ್ದರು. ಶೀಲಾ ಪೊಲೀಸ್ ಠಾಣೆಗೆ ಹೊರಟರು.

* * *

ಎ.ಎಸ್.ಐ. ತುಕಾರಾಮ ಅವರಿಗೆ ಮುರಿದ ಬೀಗ, ಕಿತ್ತ ಕಿಟಕಿ ಕೊಡಿ, ಸಂಜೆಯೊಳಗೆ ಕಳ್ಳನನ್ನು ತಂದು ನಿಲ್ಲಿಸುತ್ತಾರೆ. ಶೀಲಾ ಅವರ ಗೋದಾಮಿಗೆ ಬಂದು ನೋಡಿದರೆ ಬೀಗ ಗಟ್ಟಿಯಾಗಿತ್ತು. ಕಿಟಕಿಯೂ ಗಟ್ಟಿಯಾಗಿತ್ತು. ಅವರಿಗೆ ತಲೆಬುಡ ತಿಳಿಯಲಿಲ್ಲ.

ಸಾಫ್ಟ್‌ವೇರ್ ಹುಡುಗ ವಿವೇಕಾನಂದ ತಿಳಿಸಿ ಹೇಳಲು ಕೂತ.

“ಯಾವ ಗಿರಾಕಿ ಎಲ್ಲಿರ್ತಾರ, ಯಾರಿಗೆ ವಾರಕ್ಕ ಎಷ್ಟು ಡಜನ್, ಎಲ್ಲಾ ಈ ಸಾಫ್ಟ್‌ವೇರಿನ್ಯಾಗ ಅದರಿ. ಮೊದಲ ಇದು ಬರೇ ಪುಸ್ತಕ ಇದ್ದಂಗಿತ್ತು. ಎರಡು ತಿಂಗಳ ಹಿಂದ ನಾ ಇದಕ್ಕ ಎಐ ಏಜೆಂಟ್ ಜೋಡಿಸೀನಿ. ಈಗ ಪುಸ್ತಕ ಅದೇ ಓದ್ತದ, ಅದೇ ಬರೀತದ, ಮೆಸೇಜೂ ಅದೇ ಕಳಸ್ತದ.”

“ಯಾರನ್ನೂ ಕೇಳದ ಕಳಸ್ತದೇನು?”

“ಕೇಳೋ ಹಂಗ ಮಾಡಿದ್ನಿ. ಸಣ್ಣ ಸಣ್ಣದಕ್ಕೂ ಕೇಳ್ತದ, ತೆಗಿ ಅಂದ್ರು ಮೇಡಂ.”

ಶೀಲಾ ಗೋಡೆಯ ಕಡೆ ನೋಡಿದರು.

“ಹಂಗಾರ ತಪ್ಪು ಮಾಡಿದ್ದು ಯಂತ್ರ. ಅದಕ್ಕ ಬೇಡಿ ಎಲ್ಲಿ ಹಾಕ್ಲೋ ತಮ್ಮಾ?”

“ಹೇಳದ ಅದು ಏನೂ ಮಾಡಂಗಿಲ್ರಿ. ಯಾರೋ ಹೇಳ್ಯಾರ. ಇಲ್ಲಿ ನೋಡ್ರಿ.”

ಪರದೆಯ ಮೇಲೆ ಒಂದು ಸಾಲಿತ್ತು. ‘ಸೋಮವಾರ, ಮಧ್ಯಾಹ್ನ 1.20. ಮಾಯಾ ಅವರ ಖಾತೆ. ಮೈಕ್ ಮೂಲಕ ಸೂಚನೆ: ದುಕಾನ ಬಢಾಯಿಸ್ರಿ.’ ಅದರ ಕೆಳಗೆ ಏಜೆಂಟು ತಾನು ತಿಳಿದುಕೊಂಡದ್ದನ್ನು ಬರೆದಿತ್ತು: ‘ಅಂಗಡಿಯ ವ್ಯಾಪಾರ ಹೆಚ್ಚಿಸಬೇಕು.’

“ಆ ದನಿ ಕೇಳಸು.”

“ದನಿ ಉಳಿಯಂಗಿಲ್ರಿ. ಅಕ್ಷರ ಅಷ್ಟೇ.”

ಮಾಯಾ ಆ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗಿ. ಗೋಡೆಗೆ ಒರಗಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿದ್ದವು.

“ಆ ಹೊತ್ತಿಗೆ ನಾ ಗೋದಾಮಿನ ಹಿಂದ ಊಟಕ್ಕ ಕೂತಿದ್ನಿ ಸಾಹೇಬ್ರ. ಕಂಪ್ಯೂಟರ್ ಹಂಗೇ ಬಿಟ್ಟು ಹೋಗಿದ್ನಿ, ಖರೆ. ಆದ್ರ ಮೈಕ್ ನಾ ಎಂದೂ ಮುಟ್ಟಂಗಿಲ್ಲ. ಟೈಪೇ ಮಾಡ್ತೀನಿ.”

“ಊಟ ಮಾಡಾಕತ್ತಿದ್ದು ನೋಡಿದವ್ರು?”

“ಯಾರೂ ಇಲ್ರಿ.”

ಗೋದಾಮಿನ ಹಿರಿಯ ಕೆಲಸಗಾರ ಮಹಾದೇವ ಎಲ್ಲರಿಗೂ ಚಹಾ ತಂದಿಟ್ಟ. “ಸಣ್ಣ ಹುಡುಗಿ ಅದ ಸಾಹೇಬ್ರ,” ಎಂದ ಮೆಲ್ಲಗೆ. “ಏನೋ ಕೈ ತಪ್ಪಿರಬೇಕು. ದೊಡ್ಡದು ಮಾಡಬ್ಯಾಡ್ರಿ.”

ಒಳ್ಳೆಯ ಮನುಷ್ಯ ಎಂದುಕೊಂಡರು ತುಕಾರಾಮ.

ಠಾಣೆಗೆ ಮರಳಿದಾಗ ಮೇಜಿನ ಮೇಲೆ ಎರಡು ಕಾಗದ ಕಾದಿದ್ದವು. ಒಂದು ಶೀಲಾ ಅವರ ದೂರು. ಇನ್ನೊಂದು ಅಂಚೆ ಇಲಾಖೆಯಿಂದ ಬಂದ ಪೊಲೀಸ್ ವೆರಿಫಿಕೇಶನ್ ಅರ್ಜಿ. ಎರಡರಲ್ಲೂ ಮಾಯಾಳ ಹೆಸರು. ಅವಳಿಗೆ ಸರ್ಕಾರಿ ನೌಕರಿ ಸಿಕ್ಕಿತ್ತು. ಶುಕ್ರವಾರದೊಳಗೆ ಅರ್ಜಿ ಹಿಂದಕ್ಕೆ ಹೋಗಬೇಕು. ದೂರು ಪ್ರಕರಣವಾಗಿ ದಾಖಲಾದರೆ ಆ ನೌಕರಿಗೆ ಎಳ್ಳುನೀರು ಬಿಟ್ಟಂತೆಯೇ.

* * *

ವ್ಯಾಪಾರ ಹೆಚ್ಚಾದರೆ ಲಾಭ ಯಾರಿಗೆ? ಹಣ್ಣು ಬೆಳೆದವನಿಗೆ. ಬುಧವಾರ ತುಕಾರಾಮ ಕಮಲಾಪುರಕ್ಕೆ ಜೀಪು ಬಿಟ್ಟರು. ದಾರಿಯುದ್ದಕ್ಕೂ ಕಲ್ಯಾಣಪ್ಪನೇ ಕಳ್ಳ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟಾಗಿತ್ತು. ತೋಟ ಕಂಡ ಮೇಲೆ ಆ ತೀರ್ಪು ನಿಲ್ಲಲಿಲ್ಲ. ಒಂದು ಗಿಡದಲ್ಲೂ ಗೊನೆ ಇರಲಿಲ್ಲ.

ಕಲ್ಯಾಣಪ್ಪ ಬದುವಿನ ಮೇಲೆ ಕೂತಿದ್ದ. “ಬಲಿಯದ ಗೊನಿ ಯಾರು ತಗೋತಾರ್ರಿ ಸಾಹೇಬ್ರ? ವರ್ಷದ ಬೆಳಿ ಹೋತು.”

“ಮತ್ಯಾಕ ಕಡಿಸಿದ್ರಿ?”

“ಅಕ್ಕಾರ ಹೆಸರು ಇತ್ತು, ನಂಬಿದ್ನಿ. ಹಿಂದ ಮಹಾದೇವ ಫೋನ್ ಮಾಡ್ತಿದ್ದ. ‘ಕಾಕಾ, ಕೈ ಹಚ್ಚಿ ನೋಡಿ ಕಡೀರಿ’ ಅಂತಿದ್ದ. ಈಗ ಎರಡು ತಿಂಗಳಾತು, ಅವನ ಫೋನೇ ಇಲ್ಲ. ಮೆಸೇಜ್ ಬರ್ತದ, ನಾವು ಕಡೀತೀವಿ.”

ತುಕಾರಾಮ ಜೀಪು ಹತ್ತಿದರು. ತಲೆ ಇನ್ನಷ್ಟು ಗೋಜಲಾಗಿತ್ತು. ಗಿರಾಕಿಗಳು ಬಿಟ್ಟು ಹೋಗಿದ್ದರು. ಕಲ್ಯಾಣಪ್ಪನ ಬೆಳೆ ಹೋಗಿತ್ತು. ಶೀಲಾ ಅವರ ಹೆಸರು ಕೆಟ್ಟಿತ್ತು. ಇದರಿಂದ ಒಳ್ಳೆಯದಾದವರು ಒಬ್ಬರೂ ಕಾಣಲಿಲ್ಲ.

* * *

ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ರೋಜಾ ಓಣಿಯಲ್ಲಿ ಬಂದೋಬಸ್ತಿನ ಕೆಲಸ ಮುಗಿಸಿ ತುಕಾರಾಮ ಹಳೆಯ ಗೆಳೆಯ ಇಮಾಮುದ್ದೀನನ ಅತ್ತರಿನ ಅಂಗಡಿಯಲ್ಲಿ ಕೂತರು. ಚಹಾ ಬಂತು. ಇಮಾಮುದ್ದೀನ್ ಗಡಿಯಾರ ನೋಡಿ ಮಗಳನ್ನು ಕರೆದ.

“ತಬಸ್ಸುಮ್, ಮದುವಿಗೆ ಹೊತ್ತಾತು. ದುಕಾನ್ ಬಢಾ ದೇ ಬೇಟಿ.”

ತಬಸ್ಸುಮ್ ಎದ್ದು ಶಟರ್ ಎಳೆದಳು.

ತುಕಾರಾಮ ಅವರ ಚಹಾ ಬಾಯಿಯ ಹತ್ತಿರವೇ ನಿಂತಿತು. “ನೀವು ಬಢಾ ಅಂದ್ರಿ. ಆಕಿ ಮುಚ್ಚಿದ್ಲು.”

“ತೌಬಾ. ಅನ್ನ ಕೊಡೋ ದುಕಾನಕ್ಕ ಆ ಮಾತು ಅಂತಾರೇನ್ರಿ ಸಾಬ್? ನಮ್ಮ ಹಿರ್‍ಯಾರು ಬಢಾನಾ ಅಂತಿದ್ರು, ನಾವೂ ಅಂತೀವಿ. ನಾಳಿ ಇನ್ನೂ ಬೆಳೀಲಿ ಅಂತ.”

“ನಿಮ್ಮ ಮಂದಿ ಅಷ್ಟೇ ಅಂತಾರೇನು?”

“ಈ ಓಣ್ಯಾಗ ದುಡಿದವ್ರೆಲ್ಲಾ ಅಂತಾರ. ಜಾತಿ ಯಾವುದಾದ್ರೇನು, ಹೊಟ್ಟಿ ಒಂದೇ. ಈಗಿನ ಹುಡುಗ್ರಿಗೆ ಗೊತ್ತಿಲ್ಲ.”

ತುಕಾರಾಮ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

* * *

ಸಂಜೆ ಆರು. ಗೋದಾಮಿನ ಆಫೀಸಿನಲ್ಲಿ ನಾಲ್ವರೂ ನಿಂತಿದ್ದರು.

“ನನಗೊಂದು ಅನುಮಾನ ಅದ,” ಎಂದರು ತುಕಾರಾಮ. “ಅಂಗಡಿ ಕೆಲಸ ಇವತ್ತಿಗೆ ಸಾಕು ಅಂತ ಯಂತ್ರಕ್ಕ ಹೇಳಬೇಕಾದ್ರ ಹೆಂಗ ಹೇಳ್ತೀರಿ? ಒಬ್ಬೊಬ್ರೇ ಹೇಳ್ರಿ.”

“ಸ್ಟಾಪ್,” ಎಂದ ವಿವೇಕಾನಂದ.

“ಬಂದ್ ಮಾಡು,” ಎಂದರು ಶೀಲಾ.

“ಅಂಗಡಿ ಮುಚ್ಚು,” ಎಂದಳು ಮಾಯಾ.

ಮಹಾದೇವ ಬಾಗಿಲ ಕಡೆ ಸರಿದ.

“ನೀ ಹೇಳು ಮಹಾದೇವ.”

“ನಾ ಯಂತ್ರ ಮುಟ್ಟಿದವ ಅಲ್ರಿ.”

“ಮುಟ್ಟಬ್ಯಾಡ. ಅಂಗಡಿ ಮುಚ್ಚು ಅನ್ನು ಸಾಕು. ಎರಡೇ ಮಾತು.”

ಮಹಾದೇವ ಕೈ ಮುಗಿದ. “ಹಂಗ ಅನ್ನಬಾರದ್ರಿ ಸಾಹೇಬ್ರ. ಉಂಡ ಮನಿ ಇದು.”

“ಮತ್ತ ಏನನ್ನಬೇಕು?”

ಶೀಲಾ ಅವರೇ ನಿಧಾನವಾಗಿ ಹೇಳಿದರು. “ಹನ್ನೆರಡು ವರ್ಷದಿಂದ ದಿನಾ ಸಂಜಿಗೆ ಬೀಗ ಹಾಕಿ ಕೀಲಿ ತಂದು ಮೇಜಿನ ಮ್ಯಾಲ ಇಡ್ತಾನ. ಒಂದು ದಿನಾನೂ ಮುಚ್ಚಿದೆ ಅಂದಿಲ್ಲ. ಅದಕ್ಕಿಂತ ಮೊದಲ ರೋಜಾದಾಗ ಹಣ್ಣಿನ ಅಂಗಡ್ಯಾಗ ಇದ್ದ.”

“ಅಲ್ಲೇ ಕಲ್ತಾನ, ಮುಚ್ಚು ಅನ್ನೋ ಬದಲಿ ಬಢಾಯಿಸು ಅನ್ನೋದು,” ಎಂದರು ತುಕಾರಾಮ. “ಅಂಗಡಿ ಬೆಳಸಾಕ ಹೊಂಟವ್ರನ್ನ ಮೂರು ದಿನ ಹುಡುಕಿದ್ವಿ. ಅಂಥವ್ರು ಯಾರೂ ಇರಲೇ ಇಲ್ಲ. ಆ ಮಾತು ಅಂದವಗ ಅಂಗಡಿ ಬೆಳಸೋದು ಬೇಕಾಗಿರಲಿಲ್ಲ, ನಿಲ್ಲಿಸೋದು ಬೇಕಾಗಿತ್ತು. ಯಂತ್ರಕ್ಕ ಹಳೇ ಮಂದಿ ಮಾತು ತಿಳೀಲಿಲ್ಲ. ಬಢಾಯಿಸ್ರಿ ಅಂದ್ರ ಹೆಚ್ಚು ಮಾಡು ಅಂತ ತಿಳ್ಕೊಂತು. ಮಾಯಾ ಮೈಕ್ ಮುಟ್ಟಂಗಿಲ್ಲ. ಈಗ ಮುಚ್ಚು ಅಂದ್ಲು, ಬೆದರಲಿಲ್ಲ. ಯಂತ್ರಕ್ಕೂ ‘ರೀ’ ಹಚ್ಚಿ ಮಾತಾಡೋ ಮನುಷ್ಯ ಇಲ್ಲಿ ಒಬ್ಬನೇ ಇದ್ದಾನ. ಎರಡು ತಿಂಗಳಿಂದ ಫೋನ್ ಕೆಲಸ ತಪ್ಪಿದವನೂ ಅವನೇ.”

ಮಹಾದೇವ ಸ್ಟೂಲಿನ ಮೇಲೆ ಕೂತ.

“ಆ ಯಂತ್ರ ಒಂದು ದಿನ ನಿಂತ್ರ ಸಾಕಿತ್ರಿ. ಮಂದಿ ಮತ್ತ ನನಗ ಫೋನ್ ಮಾಡ್ತಿದ್ರು. ಯಾರ ಮನ್ಯಾಗ ಬಸುರಿ ಅದಾಳ, ಯಾರಿಗೆ ಸಕ್ಕರಿ ಬ್ಯಾನಿ ಅದ, ಎಲ್ಲಾ ನನಗ ಗೊತ್ತಿತ್ತು. ಈಗ ನನ್ನ ಯಾರೂ ಏನೂ ಕೇಳಂಗಿಲ್ಲ. ಗೊನಿ ಕಡಿಸಬೇಕು ಅಂತ ನಾ ಅಂದಿಲ್ರಿ, ದೇವರಾಣಿ.”

ತುಕಾರಾಮ ಅವರಿಗೆ ಪಾಪ ಎನಿಸಿತು. ಹಿಂದೆಯೇ ಮೊನ್ನೆಯ ಚಹಾ ನೆನಪಾಯಿತು. ಸಣ್ಣ ಹುಡುಗಿ, ಕೈ ತಪ್ಪಿರಬೇಕು. ಸಿಟ್ಟೂ ಬಂತು. ಚೀಲದಿಂದ ಅಂಚೆ ಇಲಾಖೆಯ ಅರ್ಜಿ ತೆಗೆದು ಅಲ್ಲೇ ಮೇಜಿನ ಮೇಲೆ ಸಹಿ ಹಾಕಿದರು. ಶೀಲಾ ದೂರಿನಿಂದ ಮಾಯಾಳ ಹೆಸರು ತೆಗೆಯಲು ಬರೆದುಕೊಟ್ಟರು.

ಮಹಾದೇವ ತಲೆ ಎತ್ತಿದ. “ತಂಗಿ, ನಿನಗ ಕೆಟ್ಟದಾಗಲಿ ಅಂತ ನಾ ಮಾಡ್ಲಿಲ್ಲ.”

ಮಾಯಾ ಈ ಸಲ ಅಳಲಿಲ್ಲ.

“ಅಂಗಡಿಗೆ ಕೆಟ್ಟ ಮಾತು ತಾಕಬಾರದು ಅಂತ ಎಷ್ಟು ಜ್ವಾಕಿ ಮಾಡ್ತೀರಿ ಕಾಕಾ. ಮೂರು ದಿನ ಎಲ್ಲಾರೂ ನನಗ ಕಳ್ಳಿ ಅಂದ್ರು. ಆಗ ನಿಮ್ಮ ಬಾಯಾಗ ಒಂದು ಖರೆ ಮಾತೂ ಬರಲಿಲ್ಲಲ್ರಿ.”

ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಮಹಾದೇವ ಎದ್ದು ಹೋಗಿ ಗೋದಾಮಿನ ಶಟರ್ ಎಳೆದ, ಬೀಗ ಹಾಕಿದ, ಕೀಲಿ ತಂದು ಶೀಲಾ ಅವರ ಮೇಜಿನ ಮೇಲೆ ಇಟ್ಟ.

“ಮುಚ್ಚೀನ್ರಿ ಅಕ್ಕಾರ,” ಎಂದ.