ಬಚ್ಚಲ ಹಿಂದಿನ ಎಲೆಗಳು

“ಅದನ್ನ ಕಡೀಬೇಡ ತಾಯಿ,” ಎಂದಳು ಪಕ್ಕದ ಮನೆಯ ಇಸ್ತ್ರಿ ಅಜ್ಜಿ. “ನನ್ನ ನಾದಿನಿ ನೆಟ್ಟಿದ್ದು. ಅವಳ ಕೂಸು ಜ್ವರದಲ್ಲಿ ನೀರು ನೀರು ಅಂತ ಸತ್ತಾಗ ಓಣಿಯವರು ಯಾರೂ ಬಾಗಿಲು ತೆಗೀಲಿಲ್ಲ. ಮಾಟ ಮಾಡಿಸಿ ಬೇರಿಗೆ ಕಟ್ಟಿದ್ದಾಳೆ.”

ಮಗಳೊಂದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ದರ್ಜಿ ನಕ್ಕಳು. “ಮಾಟ ಮಾಡಿಸೋರು ಇಲ್ಲಿನ ಸೊಳ್ಳೆಗೂ ಒಂದಿಷ್ಟು ಮಾಡಿಸ್ಬಾರದಿತ್ತಾ ಅಜ್ಜಿ?”

ಬಚ್ಚಲ ನೀರು ಹರಿಯುವ ಕಡೆ ಅದು ಕೊಬ್ಬಿ ನಿಂತಿತ್ತು. ಕೆಸುವಿನ ಜಾತಿ; ಆದರೆ ಒಂದೊಂದು ಎಲೆಯೂ ಕೊಡೆಯಷ್ಟಗಲ. ಅಡಿಯಲ್ಲಿ ಹಗಲಲ್ಲೂ ಕತ್ತಲೆ, ಕೊಳೆತ ಮಣ್ಣಿನ ವಾಸನೆ. ಹೊಲಿಗೆ ಯಂತ್ರದ ಕಿಟಕಿಗೆ ಬರುವ ಬೆಳಕನ್ನೆಲ್ಲ ಅದೇ ನುಂಗುತ್ತಿತ್ತು. ಅವಳು ಕುಡುಗೋಲು ತಂದು ಬುಡಕ್ಕೇ ಹಾಕಿದಳು.

ಮರುದಿನ ಮಗಳು ಶಾಲೆಯಿಂದ ಬಂದವಳೇ ನೀರು ಕೇಳಿದಳು. ಚೊಂಬು ಖಾಲಿ. ಬಿಂದಿಗೆ ಖಾಲಿ. ಸಂಜೆಯ ಹೊತ್ತಿಗೆ ತುಟಿ ಒಡೆದು, ನಾಲಿಗೆ ಒಣ ತೊಗಟೆಯಂತಾಗಿತ್ತು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಬಾಟಲಿಯ ಮೇಲೆ ಬಾಟಲಿ ಇಳಿಯಿತು. ಬಿಕ್ಕುವ ಮಗುವಿನ ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

“ಇಷ್ಟು ನೀರು ಎಲ್ಲಿಗೆ ಹೋಗ್ತಿದೆ ಅಂತ ನಮಗೇ ತಿಳೀತಿಲ್ಲಮ್ಮ,” ಎಂದರು ಡಾಕ್ಟರು, ಅವಳ ಮುಖ ನೋಡದೆ.

ಅವಳಿಗೆ ತಿಳಿಯಿತು. ಮಗಳನ್ನು ನರ್ಸಿನ ಕೈಗೊಪ್ಪಿಸಿ, ಬಿದ್ದೆನೋ ಎದ್ದೆನೋ ಎಂದು ಮನೆಗೆ ಓಡಿದಳು.

ಕಡಿದ ಜಾಗದಲ್ಲಿ ಹೊಸ ಎಲೆಗಳು ಎದ್ದಿದ್ದವು. ಮಳೆಯಿಲ್ಲ, ನಲ್ಲಿ ಬಂದ್. ಆದರೂ ಅಂಚುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಟಪ್. ಟಪ್.

“ಅಜ್ಜಿ, ನಿಮ್ಮ ಕಾಲಿಗೆ ಬೀಳ್ತೀನಿ. ಏನಾದ್ರೂ ದಾರಿ ಹೇಳಿ.”

ಅಜ್ಜಿ ಬಾಗಿಲು ಅರ್ಧ ಮಾತ್ರ ತೆರೆದಳು. “ತಗೊಂಡಿದ್ದನ್ನ ಅದು ಸುಮ್ನೆ ಬಿಡಲ್ಲ. ಬದಲಿಗೆ ಏನಾದ್ರೂ ಕೊಡ್ಬೇಕು. ಕಡಿದ ಕೈನೇ ಕೊಟ್ಟು ನೋಡು.”

ದರ್ಜಿ ಎಲೆಗಳ ಅಡಿಗೆ ತೆವಳಿದಳು. ಕತ್ತಲೆ. ತಣ್ಣನೆಯ ಕೆಸರು. ಬಲಗೈಯನ್ನು ಬುಡಕ್ಕೆ ತುರುಕಿದಳು. ಏನೋ ಬೆರಳು ಹಿಡಿಯಿತು. ಹಸಿದ ಕೂಸಿನ ಬಾಯಿಯಂತೆ ಚೀಪತೊಡಗಿತು. ಮಣಿಕಟ್ಟು. ಮೊಣಕೈ. ಅವಳು ಕೈ ಎಳೆದುಕೊಳ್ಳಲಿಲ್ಲ.

“ಕುಡಿ,” ಎಂದಳು. “ಕುಡಿ ಕಂದ. ನನ್ನ ಮಗೂನ ಬಿಟ್ಬಿಡು.”

ಹಿಡಿತ ಸಡಿಲವಾಯಿತು.

ಆಸ್ಪತ್ರೆಯ ಮಂಚದ ಮೇಲೆ ಮಗಳು ಎದ್ದು ಕೂತಿದ್ದಳು. ಕೆನ್ನೆ ತುಂಬ ಕಣ್ಣೀರು. “ಎಲ್ಲಿಗೆ ಹೋಗಿದ್ದೆ ಅಮ್ಮ?”

ಆ ಒದ್ದೆ ಕೆನ್ನೆ ಕಂಡು ತಾಯಿಗೆ ಹೋದ ಜೀವ ಬಂದಂತಾಯಿತು. ಬಲಗೈಯನ್ನು ಸೆರಗಿನೊಳಗೆ ಅಡಗಿಸಿ, ಎಡಗೈಯಿಂದ ಅಪ್ಪಿಕೊಂಡಳು. ಮಗಳು ಎಂದಿನಂತೆ ಅಮ್ಮನ ಬಲಗೈಗಾಗಿ ತಡಕಾಡಿ, ಬೆರಳುಗಳನ್ನು ಗಟ್ಟಿಯಾಗಿ ಹಿಡಿದಳು.

ಸೆರಗಿನೊಳಗೆ ಒಣ ಎಲೆ ಮುರಿದ ಸದ್ದಾಯಿತು.