ನೀಲಮ ಸಹಿ ಹಾಕದ ಹಾಳೆ

"ಇಳೀರಿ," ಎಂದಳು ನೀಲಮ.

ಬೆಲ್ಟು ಬಿಗಿದು, ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡು, ಇನ್ನೇನು ಎಂಜಿನ್ ಶುರು ಮಾಡಬೇಕೆಂದಿದ್ದ ಸಂಗ್ರಾಮ ತಲೆಯೆತ್ತಿ ನೋಡಿದ. ರೆಕ್ಕೆಯ ಪಕ್ಕದಲ್ಲಿ, ಫೆಬ್ರವರಿ ತಿಂಗಳ ಬಿಸಿಲಿಗೆ ದುಪಟ್ಟಾ ತಲೆಗೆ ಸುತ್ತಿಕೊಂಡು, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಒಬ್ಬ ಹೆಣ್ಣುಮಗಳು ನಿಂತಿದ್ದಳು. ಮುಖದಲ್ಲಿ ನಗು ಇಲ್ಲ, ಸಿಟ್ಟೂ ಇಲ್ಲ.

"ಯಾಕ್ರಿ? ಏನರ ಕೆಟ್ಟೈತೇನು?"

"ಕೆಟ್ಟಿಲ್ಲ. ಮ್ಯಾಲೆ ಹೋದಾಗ ಕೆಟ್ಟರ ಎಷ್ಟೊತ್ತಿನ್ಯಾಗ ಹೊರಗ ಜಿಗೀತೀರಿ, ಅದನ್ನ ನೋಡಬೇಕು. ಹತ್ತು ಸೆಕೆಂಡ್ ಒಳಗ ಆಗಬೇಕು."

ಹನ್ನೊಂದು ವರ್ಷ ವಾಯುಪಡೆಯಲ್ಲಿ ಹಾರಿ ಬಂದವನಿಗೆ ಇದು ಮಕ್ಕಳಾಟದಂತೆ ಕಂಡಿತು. ನಗುತ್ತಲೇ ಇಳಿದ. ಹದಿನೇಳು ಸೆಕೆಂಡ್. ಎರಡನೆಯ ಸಲ ಪ್ಯಾರಾಚೂಟಿನ ಪಟ್ಟಿ ಸೀಟಿಗೆ ಸಿಕ್ಕಿಕೊಂಡಿತು. ಮೂರನೆಯ ಸಲಕ್ಕೆ ನಗು ಹೋಯಿತು. ಏಳನೆಯ ಸಲ, ಬೆವರಿನಲ್ಲಿ ತೊಯ್ದು, ಮೊಣಕೈ ತರಚಿಕೊಂಡು ನೆಲಕ್ಕೆ ಜಿಗಿದಾಗ ಒಂಬತ್ತೂವರೆ ಸೆಕೆಂಡ್ ಆಗಿತ್ತು.

ಅವಳು ಜೇಬಿನಿಂದ ಹತ್ತಿ ತೆಗೆದುಕೊಟ್ಟಳು. "ಈಗ ಹೋಗಿ ಬರ್ರಿ."

ಹತ್ತಿಯನ್ನು ಅವಳು ಮೊದಲೇ ತಂದಿಟ್ಟುಕೊಂಡಿದ್ದಳೆಂಬುದು ಅವನಿಗೆ ಮೇಲೆ ಹಾರಿದ ಮೇಲೆ ಹೊಳೆಯಿತು.

ಅಥಣಿಗೂ ಕಾಗವಾಡಕ್ಕೂ ನಡುವೆ, ಕಬ್ಬಿನ ಗದ್ದೆಗಳ ಆಚೆಗಿನ ಬಯಲಿನಲ್ಲಿ, ಒಂದು ಸಣ್ಣ ಕಂಪನಿ ತಾನು ಕಟ್ಟಿದ ಎರಡು ಸೀಟಿನ ವಿಮಾನವನ್ನು ಪರೀಕ್ಷೆ ಮಾಡುತ್ತಿತ್ತು. ಸರಕಾರದ ಪ್ರಮಾಣಪತ್ರ ಸಿಗಬೇಕಾದರೆ ಆ ವಿಮಾನ ಏನೇನು ತಾಳುತ್ತದೆಂದು ಆಕಾಶದಲ್ಲೇ ತೋರಿಸಬೇಕು. ಹಾರಿಸಿ ತೋರಿಸುವವನು ಕಾಗವಾಡದ ದ್ರಾಕ್ಷಿ ತೋಟದ ಮನೆಯ ಸಂಗ್ರಾಮ. ಪ್ರತಿ ಹಾರಾಟಕ್ಕೂ ಮೊದಲು, ಏನು ತಪ್ಪಬಹುದು, ತಪ್ಪಿದರೆ ಯಾರು ಏನು ಮಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕುವವಳು ನೀಲಮ. ಅವಳ ಸಹಿ ಇಲ್ಲದೆ ವಿಮಾನದ ಗಾಲಿ ಉರುಳುವಂತಿರಲಿಲ್ಲ.

ಅಂಥವರ ಜೊತೆ ಯಾರು ಕೂತು ಉಣ್ಣುತ್ತಾರೆ? ಗಾಳಿ ಒಂದು ಗುಲಗಂಜಿಯಷ್ಟು ಹೆಚ್ಚಿದರೂ ಬೇಡ ಎನ್ನುವವಳು. ಮೆಕ್ಯಾನಿಕ್ ಶಿವಾಜಿ ಅವಳಿಗೆ 'ಬ್ಯಾಡಕ್ಕ' ಎಂದು ಹೆಸರಿಟ್ಟಿದ್ದ. ಅವಳು ಕ್ಯಾಂಟೀನಿಗೆ ಬಂದರೆ ಬೆಂಚಿನ ಮಾತು ನಿಂತುಬಿಡುತ್ತಿತ್ತು. ಡಬ್ಬಿ ಬಿಚ್ಚಿ, ಮೂಲೆಯ ಮೇಜಿನಲ್ಲಿ ಒಬ್ಬಳೇ ಉಂಡು, ಸಂಜೆ ಅಥಣಿಯ ಬಾಡಿಗೆ ಖೋಲಿಗೆ ಹೋಗಿ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಎದುರಿನ ಮನೆಗಳಲ್ಲಿ ಕುಕ್ಕರಿನ ಸೀಟಿ, ಮಕ್ಕಳ ಗದ್ದಲ. ಅವಳ ಖೋಲಿಯಲ್ಲಿ ಬುದ್ಧನ ಒಂದು ಪುಟ್ಟ ಮೂರ್ತಿ, ಒಂದೇ ತಟ್ಟೆ. ದಿನವಿಡೀ ಬೇರೆಯವರ ಜೀವ ಕಾಯುವವಳಿಗೆ ಸಂಜೆಗೆ 'ಊಟ ಆಯಿತೇ' ಎಂದು ಕೇಳುವವರಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅವಳ ಎದುರಿನ ಜಾಗದಲ್ಲಿ ಒಂದು ತಟ್ಟೆ ಬಂದು ಕೂತಿತು.

"ಇಲ್ಲಿ ಕುಂದರಬೌದೇನ್ರಿ? ಇದರ ಅಪಾಯ ಎಷ್ಟಂತ ಹಾಳೆದಾಗ ಬರದೀರೇನು?" ಸಂಗ್ರಾಮ ಕೇಳಿದ.

"ಬರದಿಲ್ಲ."

"ಹಂಗಾದ್ರ ಕುಂದರತೇನಿ."

ಅಂದಿನಿಂದ ಅವನು ದಿನವೂ ಅಲ್ಲೇ ಕೂತ. ಅವಳ ಡಬ್ಬಿಯ ಶೇಂಗಾ ಚಟ್ನಿಗೆ ಕೈ ಹಾಕುತ್ತಿದ್ದ, ತೋಟದ ದ್ರಾಕ್ಷಿ ತಂದು ಮುಂದಿಡುತ್ತಿದ್ದ. ತನ್ನ ಅಂಜಿಕೆಗಳನ್ನೆಲ್ಲ ಒಂದೊಂದಾಗಿ ಹೇಳಿ, ಹಾಳೆಯಲ್ಲಿ ಬರೆದುಕೊಳ್ಳಿ ಎನ್ನುತ್ತಿದ್ದ. ಹಾರುವವರು ಅಂಜಿಕೆ ಒಪ್ಪಿಕೊಳ್ಳುವುದನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಮೂರು ತಿಂಗಳು ಹೀಗೆ ಕಳೆದವು. ಅವನು ರಜೆ ಹಾಕಿದ ದಿನ ಅವಳು ಡಬ್ಬಿ ಬಿಚ್ಚುತ್ತಿರಲಿಲ್ಲ. ಅದಕ್ಕೆ ಏನೆನ್ನುತ್ತಾರೆಂದು ತನ್ನನ್ನು ತಾನು ಕೇಳಿಕೊಳ್ಳಲೂ ಇಲ್ಲ.

ಆಮೇಲೆ ಸ್ಪಿನ್ ಪರೀಕ್ಷೆಗಳು ಶುರುವಾದವು.

ಸ್ಪಿನ್ ಎಂದರೆ ವಿಮಾನ ಬುಗುರಿಯಂತೆ ತಿರುಗುತ್ತ ಕೆಳಗೆ ಬೀಳುವುದು. ಬೇಕೆಂದೇ ಬೀಳಿಸಿ, ಮತ್ತೆ ಎತ್ತಬೇಕು. ಎತ್ತಲು ಹೊರಟ ಮೇಲೆ ಒಂದೂವರೆ ಸುತ್ತಿನೊಳಗೆ ತಿರುಗುವುದು ನಿಲ್ಲಬೇಕು. ನಿಲ್ಲದಿದ್ದರೆ ಮಾತ್ರ, ನೆಲದ ಕೋಣೆಯಲ್ಲಿ ಪರದೆ ನೋಡುತ್ತ ಕೂತ ನೀಲಮ ರೇಡಿಯೋದಲ್ಲಿ 'ಚ್ಯೂಟ್' ಎನ್ನಬೇಕು. ಆ ಮಾತು ಕಿವಿಗೆ ಬಿದ್ದೊಡನೆ ಅವನು, ತಿರುಗುವುದನ್ನು ತಡೆಯಲೆಂದು ವಿಮಾನದ ಬಾಲಕ್ಕೆ ಕಟ್ಟಿದ ಪ್ಯಾರಾಚೂಟನ್ನು ಬಿಚ್ಚಬೇಕು. ಯಾಕೆ ಏನು ಎನ್ನುವಂತಿಲ್ಲ. ಕೇಳುವುದೆಲ್ಲ ನೆಲಕ್ಕೆ ಬಂದ ಮೇಲೆ.

ಆ ದಿನ ನಾಲ್ಕು ಸುತ್ತಿನ ಪರೀಕ್ಷೆ. "ಎತ್ತಾಕತ್ತೇನಿ," ಎಂಬ ಅವನ ದನಿ ಕೇಳಿತು. ಪರದೆಯಲ್ಲಿ ಗೆರೆ ತಿರುಗುತ್ತಲೇ ಇತ್ತು. ಕಾಲು ಸುತ್ತು... ಅರ್ಧ... ಮುಕ್ಕಾಲು...

ನೀಲಮ ಮೈಕಿನ ಗುಂಡಿ ಒತ್ತಿದಳು. "ಚ್ಯೂಟ್."

ಅವನು ಬಿಚ್ಚಿದ. ವಿಮಾನ ಆಗಲೇ ತಾನಾಗಿ ನಿಲ್ಲುವುದರಲ್ಲಿತ್ತು. ಬಿಚ್ಚಿದ ಪ್ಯಾರಾಚೂಟ್ ಬಾಲವನ್ನು ಹಿಂದಕ್ಕೆ ಜಗ್ಗತೊಡಗಿತು. ಅದನ್ನು ಕಳಚುವ ಹಿಡಿಕೆ ಮೊದಲ ಸಲಕ್ಕೆ ಬಿಡಲಿಲ್ಲ, ಎರಡನೆಯ ಸಲಕ್ಕೂ ಬಿಡಲಿಲ್ಲ. ಎತ್ತರ ಇಳಿಯುತ್ತಿತ್ತು. ಮೂರನೆಯ ಸಲಕ್ಕೆ ಬಿಟ್ಟಿತು.

ಅವನು ಇಳಿದ ಮೇಲೆ ನಡೆದ ಸಭೆಯಲ್ಲಿ ಲೆಕ್ಕವೆಲ್ಲ ಪರದೆಯ ಮೇಲೆ ಬಂತು. ಮುಕ್ಕಾಲು ಸುತ್ತಿಗೇ ಅವಳು ಕೂಗಿದ್ದಳು. ಅಪಾಯ ವಿಮಾನದ್ದಾಗಿರಲಿಲ್ಲ, ಅವಳ ಮಾತಿನದ್ದಾಗಿತ್ತು.

"ಇನ್ನೂ ಮುಕ್ಕಾಲು ಸುತ್ತು ನನ್ನ ಕೈಯಾಗಿತ್ತು," ಸಂಗ್ರಾಮ ಮೆಲ್ಲಗೆ ಕೇಳಿದ. "ನನ್ನ ಕೈ ಮ್ಯಾಲೆ ಅಷ್ಟೂ ಭರೋಸೆ ಇಲ್ಲೇನ್ರಿ?"

ಅವಳು ತನ್ನ ಕಾಗದಗಳನ್ನು ಜೋಡಿಸಿಕೊಂಡು ಎದ್ದಳು. ಉತ್ತರ ಗೊತ್ತಿತ್ತು. ಆ ವಿಮಾನದಲ್ಲಿ ಬೇರೆ ಯಾರಾದರೂ ಕೂತಿದ್ದರೆ ತಾನು ಒಂದೂವರೆ ಸುತ್ತು ಕಾಯುತ್ತಿದ್ದೆ ಎಂಬುದೇ ಆ ಉತ್ತರ.

ಮರುದಿನ ಆರು ಸುತ್ತಿನ ಕೊನೆಯ ಪರೀಕ್ಷೆಯ ಹಾಳೆ ಅವಳ ಮೇಜಿಗೆ ಬಂತು. ಪೆನ್ನು ಎತ್ತಿದಳು, ಇಟ್ಟಳು. ಸಹಿ ಹಾಕುವವರಿಗೂ ಹಾರುವವರಿಗೂ ನಂಟು ಇರಕೂಡದು ಎಂಬುದು ಆ ಕೆಲಸದ ಮೊದಲ ಕಟ್ಟಳೆ. ಮುಚ್ಚಿಟ್ಟು ಸಹಿ ಹಾಕಿದರೆ ಅವಳ ನಡುಗುವ ನಾಲಿಗೆ ಈ ಸಲ ಅವನನ್ನು ಕೊಂದೀತು. ಹೇಳಿಬಿಟ್ಟರೆ ಪರದೆಯ ಮುಂದಿನ ಕುರ್ಚಿ ಹೋಯಿತು, ಅವನ ಎದುರು ಕೂರುವ ನೆಪವೂ ಹೋಯಿತು. ಅವನ ಮನಸ್ಸಿನಲ್ಲಿ ಏನಿದೆಯೋ ಯಾರಿಗೆ ಗೊತ್ತು...

ಹಾಳೆಯನ್ನು ಹಾಗೇ ಹಿಡಿದು ಮಹಮ್ಮದ ಸಾಹೇಬರ ಬಳಿ ಹೋದಳು. ನಿಪ್ಪಾಣಿಯ ಆ ಹಿರಿಯರು ಸುರಕ್ಷತಾ ಸಮಿತಿಯ ಮುಖ್ಯಸ್ಥರು.

"ಹಿಂದ ಸರೀತೀ ಅಂದ್ರ ಕಾರಣ ಬರೀಬೇಕವ್ವಾ," ಎಂದರು.

ಅವಳು ಒಂದೇ ಸಾಲು ಬರೆದಳು. ಸಾಹೇಬರು ಕನ್ನಡಕ ಸರಿಸಿ ಓದಿದರು. ಆಮೇಲೆ ಕಾಗದವನ್ನು ಮಡಚಿ ಡ್ರಾಯರಿನಲ್ಲಿಟ್ಟು, ಬೆಳಗಾವಿಯಿಂದ ಇದೇ ಕೆಲಸ ಬಲ್ಲ ಭೀಮಸಿಯವರನ್ನು ಆ ಕುರ್ಚಿಗೆ ಕರೆಸುವುದಾಗಿ ಹೇಳಿದರು. ಸಂಗ್ರಾಮನಿಗೆ ಮಾತ್ರ ಇದನ್ನು ಹಾರಾಟ ಮುಗಿಯುವವರೆಗೆ ಹೇಳುವಂತಿಲ್ಲ ಎಂದರು. ದೊಡ್ಡ ಅಪಾಯದ ಹಾರಾಟಕ್ಕೆ ಎರಡು ದಿನ ಇರುವಾಗ ಹಾರುವವನ ಮುಂದೆ ಯಾರೂ ಮನಸ್ಸು ಕಲಕುವ ಮಾತು ಆಡಬಾರದು. ಆ ಕಟ್ಟಳೆಯನ್ನು ಬರೆದವಳು ನೀಲಮಳೇ ಆಗಿದ್ದಳು.

ಅವಳು ಚಿಕ್ಕೋಡಿ ಬಸ್ಸು ಹತ್ತಿ ತನ್ನೂರು ಬೇಡಕಿಹಾಳಕ್ಕೆ ಹೊರಟಾಗ ಗೇಟಿನ ಬಳಿ ಸಂಗ್ರಾಮ ನಿಂತಿದ್ದ. ನೋಡಿದ. ಅವಳೂ ನೋಡಿದಳು. ಬಸ್ಸು ಹೊರಟಿತು.

ತಾಯಿ ಸಕ್ಕುಬಾಯಿ ಅಂಗನವಾಡಿಯಲ್ಲಿ ಆಯಾ ಆಗಿ ದುಡಿದು ಮಗಳನ್ನು ಓದಿಸಿದವಳು. ಹೇಳದೆ ಕೇಳದೆ ಬಂದ ಮಗಳಿಗೆ ಅವಳು ಮೊದಲು ತಟ್ಟೆ ಹಾಕಿದಳು. ಎರಡು ದಿನ ಮಗಳು ಬೆಳಗಿನಲ್ಲಿ ತಾಯಿಯ ಜೊತೆ ಊರಿನ ಬುದ್ಧ ವಿಹಾರಕ್ಕೆ ಹೋಗಿ ಮೇಣದ ಬತ್ತಿ ಹಚ್ಚಿ ಕೂತಳು. ಎಲ್ಲ ಜೀವಿಗಳೂ ಸುಖವಾಗಿರಲಿ ಎಂದು ಬಾಯಿ ಹೇಳುತ್ತಿತ್ತು. ಎಲ್ಲ ಜೀವಿಗಳ ನಡುವೆ ಒಂದೇ ಮುಖ ಮತ್ತೆ ಮತ್ತೆ ಎದುರು ಬರುತ್ತಿತ್ತು.

ಮೂರನೆಯ ದಿನ ಹಾರಾಟ. ಒಂಬತ್ತಕ್ಕೆ ಫೋನು ಬಂತು. ಸಾಹೇಬರು.

"ಹಾರಾಟ ನಿಂತೈತವ್ವಾ. ಸಂಗ್ರಾಮ ತಾನ ನಿಲ್ಲಿಸ್ಯಾನ. ಏಣಿ ಹತ್ತೂ ಮುಂದ, ಮನಸ್ಸು ಹೆಂಗೈತಿ ಅಂತ ವಾಡಿಕಿಯಂಗ ಕೇಳಿದೆ. ಸರಿ ಇಲ್ರಿ ಅಂದ. ಎಲ್ಲಾರ ಮುಂದ ಅಂದ."

ನೀಲಮ ಫೋನು ಹಿಡಿದೇ ಅಂಗಳಕ್ಕೆ ಬಂದಳು.

"ನಾವು ಬರದ ಕಟ್ಟಳೆದಾಗ ಒಂದ ಕಿಂಡಿ ಉಳದಿತ್ತು. ಆಡದ ಮಾತೂ ಮನಸ್ಸು ಕಲಕತೈತಿ. ಆಂವ ನಿಮ್ಮೂರಿಗೆ ಹೊಂಟಾನ. ನಾ ಏನೂ ಹೇಳಿಲ್ಲ, ನೀನ ಹೇಳು."

ಮೋಟರ್ ಸೈಕಲ್ ಬಂದು ನಿಂತಾಗ ಸಕ್ಕುಬಾಯಿ ಒಲೆಯ ಮುಂದೆ ಭಾಕರಿ ಬಡಿಯುತ್ತಿದ್ದಳು. ಹೊಸ್ತಿಲಲ್ಲಿ ಧೂಳು ಮೆತ್ತಿದ ಮುಖ ಹೊತ್ತು ನಿಂತವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಣೆ ಕೊಟ್ಟಳು.

"ಮೊದಲ ಉಣ್ಣ್ರಿ. ಜಗಳ ಆಮ್ಯಾಲೆ ಮಾಡ್ರಿ. ಹಸದ ಹೊಟ್ಟೀಲೆ ಮಾಡಿದ ಜಗಳ ಲಗೂನ ಮುಗ್ಯಾಂಗಿಲ್ಲ."

ಅವನು ಎರಡು ತುತ್ತು ತಿಂದ. ಮೂರನೆಯದನ್ನು ತಟ್ಟೆಯಲ್ಲೇ ಇಟ್ಟ. ಸಕ್ಕುಬಾಯಿ ಕೊಡ ಎತ್ತಿಕೊಂಡು, ತುಂಬಿದ ಕೊಡವನ್ನೇ ತುಂಬಿಸಲು ನಳದ ಕಡೆ ನಡೆದಳು.

"ನಾ ಅಂಜೋ ಮನಷ್ಯಾ ಅಂತ ನಿಮಗೊಬ್ಬರಿಗೇ ಹೇಳಿದ್ದೆ," ಎಂದ ಅವನು ತಟ್ಟೆ ನೋಡುತ್ತ. "ಅದಕ್ಕ ಭರೋಸೆ ಹೋತೇನು? ಅದಕ್ಕ ಸಹಿ ಹಾಕದ ಹೋದ್ರೇನು? ಹೌದಂದ್ರ ಹೌದನ್ರಿ. ನಾ ಬ್ಯಾರೆ ಪೈಲಟ್‌ನ್ನ ಕರಸಂತೇನಿ. ಈ ಪ್ರಶ್ನೆ ಇಟಗೊಂಡು ನನಗ ಹಾರಾಕ ಆಗಾಂಗಿಲ್ಲ."

"ನಿಮ್ಮ ಕೈ ಮ್ಯಾಲೆ ಭರೋಸೆ ಐತಿ," ನೀಲಮಳ ದನಿ ಕೇಳಿಸುವಷ್ಟೇ ಇತ್ತು. "ನನ್ನ ಬಾಯಿ ಮ್ಯಾಲೆ ಇಲ್ಲ. ಮುಕ್ಕಾಲು ಸುತ್ತಿಗೆ ನಿಮ್ಮ ಲೆಕ್ಕ ಸರಿ ಇತ್ತು. ನನ್ನ ಲೆಕ್ಕ ತಪ್ಪಿತ್ತು."

"ಯಾಕ ತಪ್ಪಿತ್ತು?"

ಒಲೆಯಲ್ಲಿ ಕಟ್ಟಿಗೆಯೊಂದು ಚಟಪಟ ಎಂದಿತು.

"ಸಹಿ ಹಾಕೋರು ಹಾರೋರಿಗೆ ಬೇಕಾದವರು ಇರಬಾರದು... ಕಾಗದದಾಗ ಅದನ್ನ ಬರದೇನಿ. ಈ ಚಾಲಕ ನನಗ ಬೇಕಾದವರು, ಅಂತ."

ಅವನು ತಟ್ಟೆ ಸರಿಸಿ ತಲೆಯೆತ್ತಿದ. ಕಣ್ಣುಗಳು ಒದ್ದೆಯಾಗಿದ್ದವು.

"ಸಾಹೇಬ್ರಿಗೆ ಬರದುಕೊಟ್ಟೀರಿ. ನನಗೊಂದ ಮಾತು ಹೇಳಿಲ್ಲ."

"ನೀವೂ ಹೇಳಿಲ್ಲಲ್ಲ."

"ದಿನಾ ದ್ರಾಕ್ಷಿ ತರ್ತಿದ್ನಲ್ಲ ಮಾರಾಯ್ತಿ... ನಮ್ಮಪ್ಪ ಆ ಸಾಲಿನ ಬಳ್ಳ್ಯಾಗ ಕಾಯಿ ಯಾಕ ಕಡಿಮಿ ಅಂತ ಇನ್ನೂ ಹುಡಕಾಕತ್ತಾನ."

ಅವಳು ನಕ್ಕಳು. ನಗುತ್ತಲೇ ಅತ್ತಳು. ನಳದ ಬಳಿ ಸಕ್ಕುಬಾಯಿ ಕೊಡದ ನೀರು ಚೆಲ್ಲಿ, ಮತ್ತೆ ತುಂಬಲು ಇಟ್ಟಳು.

ನಾಲ್ಕು ದಿನ ಬಿಟ್ಟು ಹಾರಾಟ ಆಯಿತು. ಹಾಳೆಗೆ ಭೀಮಸಿಯವರ ಸಹಿ, ಪರದೆಯ ಮುಂದೆ ಭೀಮಸಿ. ಸಾಹೇಬರ ಮಾತಿಗೆ ಬಂದಿದ್ದ ನೀಲಮಳಿಗೆ ಆ ಕೋಣೆಯ ಬಾಗಿಲು ತೆರೆದಿರಲಿಲ್ಲ. ಬೇಲಿಯ ಆಚೆ, ಕಬ್ಬಿನ ಗದ್ದೆಯ ಬದುವಿನ ಮೇಲೆ ಒಬ್ಬಳೇ ನಿಂತಳು. ಅವಳ ಕಿವಿಗೆ ರೇಡಿಯೋ ಇಲ್ಲ, ಕಣ್ಣಿಗೆ ಗೆರೆಗಳಿಲ್ಲ. ಇಷ್ಟು ವರ್ಷ ಎಷ್ಟೋ ಹಾರಾಟ ಕಾದವಳು ಹೀಗೆ ಬರಿಗೈಯಲ್ಲಿ ಕಾದದ್ದು ಇದೇ ಮೊದಲು. ಬಿಸಿಲಿಗೆ ಕಣ್ಣು ಕುಕ್ಕಿ ವಿಮಾನ ಕಾಣುತ್ತಿರಲಿಲ್ಲ. ಎಂಜಿನ್ ಸಪ್ಪಳ ಮಾತ್ರ ಎಳೆಯಾಗಿ ಕೇಳುತ್ತಿತ್ತು.

ಸಪ್ಪಳ ನಿಂತಿತು.

ಸ್ಪಿನ್ನಿಗೆ ಇಳಿಯುವಾಗ ಎಂಜಿನ್ ತಗ್ಗಿಸಬೇಕೆಂದು ಅವಳೇ ಬರೆದಿದ್ದಳು. ತಿಳಿದಿದ್ದರೂ ಅವಳು ಆ ಸಪ್ಪಳಕ್ಕಾಗಿ ಕಿವಿಗೊಟ್ಟಳು. ಕಬ್ಬಿನ ಗರಿಗಳು ಒಂದಕ್ಕೊಂದು ಉಜ್ಜುವುದು ಕೇಳಿತು. ದೂರದಲ್ಲೆಲ್ಲೋ ಯಾರೋ ಎತ್ತಿಗೆ ಬೈಯುವುದು ಕೇಳಿತು. ಇಡೀ ಲೋಕ ಸದ್ದು ಮಾಡುತ್ತಿತ್ತು, ಆ ಒಂದು ಸದ್ದು ಬಿಟ್ಟು. ಅವಳು ಕಣ್ಣು ಮುಚ್ಚಿ ಕೈ ಜೋಡಿಸಿದಳು. ಏನನ್ನೂ ಬೇಡಲಿಲ್ಲ.

ಆಮೇಲೆ, ಬಹಳ ಮೇಲಿನಿಂದ, ದುಂಬಿಯ ಹಾಗೆ ಆ ಸಪ್ಪಳ ತಿರುಗಿ ಬಂತು.

ವಿಮಾನ ಇಳಿದು, ಶಿವಾಜಿ ಗಾಲಿಗೆ ತಡೆ ಹಾಕಿದ ಮೇಲೆ ಸಂಗ್ರಾಮ ಸಭೆಯ ಕೋಣೆಗೆ ಹೋಗುವ ಮೊದಲು ಬೇಲಿಯ ತನಕ ನಡೆದುಬಂದ. ಮುಖವೆಲ್ಲ ಬೆವರು. ತಂತಿಯ ಆಚೆ ಅವನು, ಈಚೆ ಅವಳು.

"ಒಂದು ಸುತ್ತಿಗೇ ನಿಂತಿತು," ಎಂದ. "ಬೇಕಂದ್ರ ಲೆಕ್ಕ ಹೇಳತೇನಿ."

"ನನಗ ಹೇಳಬ್ಯಾಡ್ರಿ. ಲೆಕ್ಕ ಕೇಳೋ ಕುರ್ಚಿ ನಂದಲ್ಲ ಈಗ."

"ಮತ್ತ ಇಲ್ಲಿ ಯಾರಾಗಿ ನಿಂತೀರಿ?"

ಅವಳು ತಂತಿಯ ಮೇಲೆ ಇಟ್ಟ ಕೈಯನ್ನು ತೆಗೆಯಲಿಲ್ಲ. ಅವನ ಕೈ ಅದರ ಮೇಲೆ ಬಂದು ಕೂತಿತು.

"ನಿಮ್ಮ ದಾರಿ ನೋಡಾಕಿ ಆಗಿ."

"ಹಂಗಾದ್ರ ಬಂದೇನಿ," ಎಂದ ಸಂಗ್ರಾಮ.